ಮುಸ್ತಫಾ ಮೂಕನಾದರೆ ಏನು ಮಾಡಬೇಕು

ಕಳೆದ ದೀಪಾವಳಿಗೆ ದಾವಣಗೆರೆಯಿಂದ ಬಂದಿದ್ದ ಅಕ್ಕನ ಮಗ ಬ್ಯಾಗಿನಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಂದಿದ್ದ. ಅದರೊಳಗೆ ಆನ್‌ಲೈನಿನಲ್ಲಿ ಯಾರೋ ತುಂಬಿಸಿ ಮಾರಿದ ಮೆಮೊರಿ ಕಾರ್ಡ್, ಸಾವಿರಾರು ಹಳೇ ಗೇಮ್ ಇದೆಯಂತೆ. ಟಿವಿಗೆ ಸಿಕ್ಕಿಸಿ ಮೊದಲು ಹುಡುಕಿದ್ದೇ ಮುಸ್ತಫಾನನ್ನು. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಕ್ಯಾಪ್‌ಕಾಮ್ 1993ರಲ್ಲಿ ತಂದ ಗೇಮ್ ಅದು, ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಆ ಹೆಸರು ಯಾರ ಬಾಯಿಗೂ ಬರಲಿಲ್ಲ, ಅದರಲ್ಲಿದ್ದ ನಾಲ್ವರಲ್ಲಿ ಒಬ್ಬನ ಹೆಸರೇ ಗೇಮಿನ ಹೆಸರಾಗಿಬಿಟ್ಟಿತು.

ಚಿತ್ರ ಬಂತು. ಕಾಯಿನ್ ಹಾಕಿದೆವು. ಹೊಡೆದರೆ ಸದ್ದಿಲ್ಲ, ಬಿದ್ದರೆ ಸದ್ದಿಲ್ಲ. ಹುಡುಗ ಟಿವಿ ವಾಲ್ಯೂಮನ್ನು ಐವತ್ತಕ್ಕೆ ಏರಿಸಿದ, ಕೇಬಲ್ ಬದಲಾಯಿಸಿದ, ಪೈ ಮೂರು ಸಲ ಆಫ್ ಮಾಡಿ ಆನ್ ಮಾಡಿದ. ಬೇಜಾರಾಗಿ ಪಕ್ಕದ ಗೇಮ್ ತೆರೆದ ತಕ್ಷಣ ಮನೆಯೇ ಹಾರಿಹೋಗುವ ಹಾಗೆ ಟಿವಿ ಕಿರುಚಿತು. ವಾಲ್ಯೂಮ್ ಐವತ್ತರಲ್ಲೇ ಇತ್ತಲ್ಲ!

ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು, ನಮಗೆ ಗೊತ್ತಾಗಲಿಲ್ಲ ಅಷ್ಟೇ. ಎಮ್ಯುಲೇಟರಿನಲ್ಲಿ (ಹಳೇ ಗೇಮ್ ಮಶೀನಿನಂತೆ ನಟಿಸಿ ಅದರ ಗೇಮ್ ಓಡಿಸುವ ಪ್ರೋಗ್ರಾಮ್) ಸದ್ದು ಇಲ್ಲ ಅಂದರೆ ಮೊದಲು ಕೇಳಿಕೊಳ್ಳಬೇಕಾದ್ದು ಇದೊಂದೇ: ಎಲ್ಲ ಗೇಮೂ ಮೂಕವಾ, ಒಂದೇ ಗೇಮ್ ಮೂಕವಾ, ಅಥವಾ ಒಂದು ಗೇಮಿನಲ್ಲಿ ಕೆಲವು ಸದ್ದು ಮಾತ್ರ ಕಾಣೆಯಾಗಿದೆಯಾ? ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಇದನ್ನು ನೋಡದೆ ಸೆಟ್ಟಿಂಗ್ಸ್ ತಿರುವುತ್ತಾ ಕೂತರೆ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುತ್ತೀರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ ಮಾಡಿ.

ಎಲ್ಲವೂ ಮೂಕವಾದರೆ

ಎಲ್ಲ ಗೇಮೂ ಮೂಕವಾಗಿದ್ದರೆ ತಪ್ಪು ಗೇಮಿನದ್ದಲ್ಲ, ಸದ್ದು ಹೋಗುವ ದಾರಿಯದ್ದು. ಪೈ ಆದರೆ ಸದ್ದು ಎಚ್‌ಡಿಎಂಐ ಕಡೆಗೆ ಹೋಗುತ್ತಿದೆಯೋ ಹೆಡ್‌ಫೋನ್ ತೂತಿನ ಕಡೆಗೋ ಅಂತ ಅದರ ಸೆಟ್ಟಿಂಗ್ಸ್ ಪ್ರೋಗ್ರಾಮ್ ರಾಸ್ಪಿ-ಕಾನ್ಫಿಗ್‌ನ ಆಡಿಯೋ ಮೆನುವಿನಲ್ಲಿ ನೋಡಿ. ಹಳೆಯ ಪೈಗಳಲ್ಲಿ ಇನ್ನೊಂದು ಕಿತಾಪತಿ ಇದೆ. ಕೆಲವು ಮಾನಿಟರ್‌ಗಳನ್ನು ಅದು ಡಿವಿಐ ಅಂತ ತಿಳಿದುಕೊಂಡು ಬರೀ ಚಿತ್ರ ಕಳಿಸುತ್ತದೆ, ಸದ್ದು ಕಳಿಸುವುದೇ ಇಲ್ಲ. ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ 'ಎಚ್‌ಡಿಎಂಐ_ಡ್ರೈವ್=2' ಅನ್ನೋ ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ವಿಂಡೋಸ್ ಆದರೆ ಗೇಮ್ ಓಡುತ್ತಿರುವಾಗಲೇ ವಾಲ್ಯೂಮ್ ಮಿಕ್ಸರ್ ತೆರೆದು ನೋಡಿ, ಎಮ್ಯುಲೇಟರಿನ ಪಟ್ಟಿ ಒಂದೇ ಕೆಳಗಿಳಿದಿರಬಹುದು.

ರೆಟ್ರೋಆರ್ಚ್ (ಬೇರೆ ಬೇರೆ ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಓಡಿಸುವ ಪ್ರೋಗ್ರಾಮ್) ಬಳಸುವವರು ಎಫ್9 ಒತ್ತಿ ನೋಡಿ. ಅದು ಮ್ಯೂಟ್ ಕೀ. ಯಾವಾಗಲೋ ಕೈ ತಾಗಿ ಮ್ಯೂಟ್ ಆಗಿರುತ್ತದೆ, ನಾವು ಡ್ರೈವರ್ ಹುಡುಕುತ್ತಾ ಇರುತ್ತೇವೆ. ಅಂಗಡಿ ಗೇಮ್‌ಗಳ ಎಮ್ಯುಲೇಟರ್ ಆದ ಮೇಮ್ ಅನ್ನು ನೇರವಾಗಿ ಬಳಸುವವರು ಮೇಮ್ ಡಾಟ್ ಐಎನ್‌ಐ ಫೈಲ್ ತೆರೆದು 'ಸೌಂಡ್' ಅನ್ನೋ ಸಾಲಿನಲ್ಲಿ ಏನಿದೆ ನೋಡಿ. 'ನನ್' ಅಂತ ಇದ್ದರೆ 'ಆಟೋ' ಮಾಡಿ. ಅದೇ ಫೈಲಿನಲ್ಲಿ 'ವಾಲ್ಯೂಮ್' ಅನ್ನೋ ಸಾಲು ಇರುತ್ತದೆ. ಅಲ್ಲಿನ ಲೆಕ್ಕ ಡೆಸಿಬಲ್‌ನದ್ದು: ಸೊನ್ನೆ ಅಂದರೆ ಪೂರ್ತಿ ಸದ್ದು, ಮೈನಸ್ 32 ಅಂದರೆ ತೀರಾ ಕೆಳಗೆ. ಸೊನ್ನೆ ಕಂಡ ತಕ್ಷಣ 'ಓಹೋ, ಇದೇ ಕಾರಣ' ಅಂತ ಬದಲಾಯಿಸಲು ಹೋಗಬೇಡಿ, ಅದು ಸರಿಯಾಗೇ ಇದೆ. ಈ ಭಾಗ ಇಷ್ಟೇ.

ಒಂದೇ ಗೇಮ್ ಮೂಕವಾದರೆ

ಮೊದಲು ಕಾಯಿನ್ ಹಾಕಿ ಆಡಿ ನೋಡಿ. ತಮಾಷೆ ಅಲ್ಲ. ಯಾರೂ ಆಡದೇ ಇರುವಾಗ ತಾನೇ ಓಡುವ ಡೆಮೋ ನೋಡಿಕೊಂಡು ಸದ್ದಿಲ್ಲ ಅನ್ನುವವರು ಜಾಸ್ತಿ. 1980ರ ಪ್ಯಾಕ್‌ಮ್ಯಾನ್ ಡೆಮೋದಲ್ಲಿ ಸದ್ದಿಲ್ಲದೆ ಓಡಾಡುತ್ತದೆ, ಅದು ಇರುವುದೇ ಹಾಗೆ. ಇಡೀ ದಿನ ಇಪ್ಪತ್ತು ಮಶೀನ್ ಒಟ್ಟಿಗೆ ಕೂಗಿದರೆ ಅಂಗಡಿಯವನಿಗೆ ತಲೆ ಕೆಡುತ್ತದೆ ಅಲ್ವಾ, ಅದಕ್ಕೇ ಎಷ್ಟೋ ಬೋರ್ಡ್‌ಗಳಲ್ಲಿ (ಮಶೀನಿನೊಳಗಿನ ಸರ್ಕ್ಯೂಟ್ ಹಲಗೆ) ಡೆಮೋ ಸದ್ದು ಆಫ್ ಮಾಡಲು ಪುಟ್ಟ ಸ್ವಿಚ್ ಕೊಟ್ಟಿದ್ದರು. ಮೇಮ್‌ನಲ್ಲಿ ಟ್ಯಾಬ್ ಒತ್ತಿ, ಡಿಪ್ ಸ್ವಿಚ್ ಮೆನುವಿಗೆ ಹೋದರೆ 'ಡೆಮೋ ಸೌಂಡ್ಸ್' ಸಿಗುತ್ತದೆ. ಗ್ಯಾಲಗಾದಲ್ಲಿ ಇದೆ, ಸ್ಟ್ರೀಟ್ ಫೈಟರ್ 2ರಲ್ಲೂ ಇದೆ. ಆನ್ ಮಾಡಿ ಗೇಮ್ ರೀಸೆಟ್ ಮಾಡಿ. ಆ ಮೆನುವೇ ಕಾಣದಿದ್ದರೆ ಎಫ್2 ಒತ್ತಿ ನೋಡಿ, ಮಶೀನಿನ ಟೆಸ್ಟ್ ಮೆನು ತೆರೆದರೆ ಸೆಟ್ಟಿಂಗ್ ಅದರೊಳಗಿರುತ್ತದೆ. ಕೀಬೋರ್ಡಿನಲ್ಲಿ 5 ಕಾಯಿನ್, 1 ಸ್ಟಾರ್ಟ್, ಇದು ಎಲ್ಲರಿಗೂ ಗೊತ್ತಿರುವುದೇ.

ಇನ್ನು ಕೆಲವು ಬೋರ್ಡ್‌ಗಳಿಗೆ ತಮ್ಮದೇ ವಾಲ್ಯೂಮ್ ಬಟನ್ ಇತ್ತು. ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡ್, ಮಾರ್ಟಲ್ ಕಾಂಬ್ಯಾಟ್ 2ರ ಮಿಡ್‌ವೇ ಬೋರ್ಡ್ ಇಂಥವು. ಮೇಮ್‌ನಲ್ಲಿ ಆ ಬಟನ್‌ಗಳು ಕೀಬೋರ್ಡಿನ ಮೈನಸ್ ಮತ್ತು ಈಕ್ವಲ್ ಕೀಗಳ ಮೇಲೆ ಕೂತಿವೆ. ಮೈನಸ್ ಮೇಲೆ ಯಾರಾದರೂ ಬೆರಳಿಟ್ಟು ಕೂತಿದ್ದರೆ ಆ ಗೇಮಿನ ಸದ್ದು ಮಾತ್ರ ಇಳಿದುಹೋಗುತ್ತದೆ. ಈಕ್ವಲ್ ಒತ್ತಿ ಹಿಡಿದು ಏರಿಸಿ. ಏರದಿದ್ದರೆ ಎನ್‌ವಿರ್‍ಯಾಮ್ ಫೋಲ್ಡರಿನಲ್ಲಿ (ಗೇಮಿನ ಸೆಟ್ಟಿಂಗ್ ಉಳಿಯುವ ಜಾಗ) ಆ ಗೇಮಿನ ಹೆಸರಲ್ಲಿರುವುದನ್ನು ಬೇರೆ ಕಡೆ ಇಟ್ಟು ಮತ್ತೆ ತೆರೆಯಿರಿ. ಟ್ಯಾಬ್ ಮೆನುವಿನ ಸ್ಲೈಡರ್ ಕಂಟ್ರೋಲ್ಸ್ ಕೂಡ ಒಮ್ಮೆ ನೋಡಿ, ಅಲ್ಲಿ ಒಂದೊಂದು ಸೌಂಡ್ ಚಿಪ್ಪಿಗೂ ಬೇರೆ ಬೇರೆ ವಾಲ್ಯೂಮ್ ಇರುತ್ತದೆ. ಅಲ್ಲಿ ಮಾಡಿದ್ದು ಸಿಎಫ್‌ಜಿ ಫೋಲ್ಡರಿನಲ್ಲಿ ಉಳಿದುಬಿಡುತ್ತದೆ, ಎಷ್ಟು ಸಲ ತೆರೆದರೂ ಹಾಗೇ ಬರುತ್ತದೆ.

ಇಷ್ಟಾದರೂ ಆಗದಿದ್ದರೆ ಆ ಗೇಮ್ ತೆರೆಯುವಾಗ ಬರುವ ಎಚ್ಚರಿಕೆಯನ್ನು ಓದಿ. ನಾವೆಲ್ಲ ಅದನ್ನು ಓದದೆ ಮುಂದೆ ಹೋಗುತ್ತೇವೆ. 'ಈ ಮಶೀನಿನ ಸದ್ದು ಇನ್ನೂ ಆಗಿಲ್ಲ' ಅಂತ ಮೇಮ್ ತಾನೇ ಹೇಳಿರುತ್ತದೆ. ಆಗ ನೀವು ಮಾಡುವುದು ಏನೂ ಇಲ್ಲ, ಬೇರೆ ಸೆಟ್ (ಅದೇ ಗೇಮಿನ ಇನ್ನೊಂದು ಆವೃತ್ತಿಯ ಫೈಲ್) ಹುಡುಕಬೇಕು.

ನಮ್ಮ ಮುಸ್ತಫಾನ ಕಥೆ ಇದೇ. ಕಾರ್ಡಿನಲ್ಲಿದ್ದ ಫೈಲಿನ ಹೆಸರು ನೋಡಿದೆ: 'ಡೈನೋಪಿಕ್'. ಅಸಲಿ ಗೇಮಿನ ಹೆಸರು ಬರೀ 'ಡೈನೋ'. ಪಿಕ್ ಅಂತ ಬಾಲ ಇದ್ದರೆ ಅದು ನಕಲಿ ಬೋರ್ಡ್. ಅಸಲಿ ಬೋರ್ಡಿನಲ್ಲಿ ಸದ್ದಿಗೆ ಕ್ಯೂಸೌಂಡ್ ಅನ್ನೋ ದುಬಾರಿ ಚಿಪ್ ಇತ್ತು, ಅದನ್ನು ಆಡಿಸುವ ಝಡ್80 ಪ್ರೊಸೆಸರಿನ ಪ್ರೋಗ್ರಾಮಿಗೆ ಕ್ಯಾಪ್‌ಕಾಮ್ ಗುಪ್ತಲಿಪಿಯ ಬೀಗ ಹಾಕಿತ್ತು. ನಕಲಿ ಮಾಡಿದವರು ಆ ಬೀಗದ ಗೋಜಿಗೇ ಹೋಗಲಿಲ್ಲ. ಕ್ಯೂಸೌಂಡನ್ನೇ ಕಿತ್ತು, ಅದರ ಜಾಗದಲ್ಲಿ ಪಿಕ್16ಸಿ57 ಅನ್ನೋ ಅಗ್ಗದ ಪುಟ್ಟ ಚಿಪ್ ಕೂರಿಸಿ, ಇನ್ನೊಂದು ಸಾದಾ ಸೌಂಡ್ ಚಿಪ್ಪಿನಿಂದ ಹೇಗೋ ಸದ್ದು ಹೊರಡಿಸಿದರು. ತಮಾಷೆ ಅಂದರೆ ಅವರೂ ತಮ್ಮ ಪಿಕ್ ಚಿಪ್ಪನ್ನು ಯಾರೂ ಓದಲಾಗದಂತೆ ಬೀಗ ಹಾಕಿದರು, ಕಳ್ಳನ ಮನೆಗೂ ಬೀಗ. ಒಳಗಿನ ಪ್ರೋಗ್ರಾಮ್ ಓದಲು ಆಗದೆ ಎಮ್ಯುಲೇಟರಿನ ಎಷ್ಟೋ ಆವೃತ್ತಿಗಳಲ್ಲಿ ಈ ನಕಲಿ ಸೆಟ್ ಮೂಕವಾಗೇ ಉಳಿಯಿತು. ನಾವು ಟಿವಿ ಕೇಬಲ್ ಬದಲಾಯಿಸಿದರೆ ಅದು ಮಾತಾಡುತ್ತದಾ?

ಹಾಗಾಗಿ ಪಟ್ಟಿಯಲ್ಲಿ ಒಂದೇ ಗೇಮ್ ನಾಲ್ಕೈದು ಸಲ ಕಂಡರೆ ಮೊದಲು 'ಡೈನೋ', ಆಮೇಲೆ 'ಡೈನೋಯು' ಅಥವಾ 'ಡೈನೋಜೆ' ತೆರೆಯಿರಿ. ಕೊನೆಯ ಎರಡು ಅಮೆರಿಕ, ಜಪಾನ್ ಆವೃತ್ತಿಗಳು. ಈ ಎರಡು ಮೂಲ 'ಡೈನೋ' ಜಿಪ್ ಪಕ್ಕದಲ್ಲಿಲ್ಲದೆ ತೆರೆಯದೇ ಇರಬಹುದು, ಬದಲಾದ ಫೈಲ್ ಮಾತ್ರ ಅವುಗಳಲ್ಲಿರುತ್ತದೆ.

ಹೊಸ ಮೇಮ್ ಬಳಸುವವರಿಗೆ ಇನ್ನೊಂದು ಸೂಚನೆ. ಈಗ ಕ್ಯೂಸೌಂಡ್ ಚಿಪ್ಪಿನ ಒಳಗಿನ ಪ್ರೋಗ್ರಾಮ್ ಕೂಡ ಬೇಕು ಅಂತ ಕೇಳುತ್ತದೆ. ಫೈಲಿನ ಹೆಸರು 'ಡಿಎಲ್-1425 ಡಾಟ್ ಬಿನ್', ಅದು 'ಕ್ಯೂಸೌಂಡ್_ಎಚ್‌ಎಲ್‌ಇ' ಅನ್ನೋ ಜಿಪ್‌ನಲ್ಲಿ, ಗೇಮ್‌ಗಳ ಜೊತೆಗೇ ಇರಬೇಕು. ಅದಿಲ್ಲದಿದ್ದರೆ ಸದ್ದಲ್ಲ, ಗೇಮೇ ತೆರೆಯುವುದಿಲ್ಲ. ಯಾವ ಫೈಲ್ ಕಡಿಮೆ ಬಿದ್ದಿದೆ ಅಂತ ತಿಳಿಯಲು 'ಮೇಮ್ -ವೆರಿಫೈರಾಮ್ಸ್ ಡೈನೋ' ಅಂತ ಕಮಾಂಡ್ ಕೊಡಿ. ಅದು ಹೇಳಿದ್ದನ್ನು ನಂಬಿ. ನಮ್ಮ ಊಹೆಗಿಂತ ಅದಕ್ಕೆ ಜಾಸ್ತಿ ಗೊತ್ತು.

ಕೆಲವು ಸದ್ದು ಮಾತ್ರ ಕಾಣೆಯಾದರೆ

ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರಾಮ್ ಫೈಲ್ ಅಂದರೆ ಹಳೇ ಬೋರ್ಡಿನ ಚಿಪ್‌ಗಳಲ್ಲಿದ್ದ ಪ್ರೋಗ್ರಾಮಿನ ನಕಲು. ಗೇಮಿನ ಎಲ್ಲವೂ ಅದರಲ್ಲೇ ಇರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಟೈಟೋ ಕಂಪನಿಯ 1978ರ ಸ್ಪೇಸ್ ಇನ್ವೇಡರ್ಸ್ ತೆಗೆದುಕೊಳ್ಳಿ. ಅದರ ರಾಮ್‌ನಲ್ಲಿ ಒಂದೇ ಒಂದು ಸದ್ದೂ ಇಲ್ಲ. ಇಂಟೆಲ್ 8080 ಪ್ರೊಸೆಸರ್ ಮಾಡುವುದು ಇಷ್ಟೇ: ಗುಂಡು ಹಾರಿಸಿದಾಗ ಪೋರ್ಟ್ 3ರ ಒಂದು ಬಿಟ್ ಏರಿಸುತ್ತದೆ, ಶತ್ರು ಸಾಲು ಒಂದು ಹೆಜ್ಜೆ ಸರಿದಾಗ ಪೋರ್ಟ್ 5ರ ಒಂದು ಬಿಟ್ ಏರಿಸುತ್ತದೆ. ಕರೆಂಟ್ ಸ್ವಿಚ್ ಒತ್ತಿದ ಹಾಗೆ. ಆಮೇಲಿನ 'ಡುಂ ಡುಂ' ಎಲ್ಲ ರೆಸಿಸ್ಟರು, ಕೆಪಾಸಿಟರು, ಟ್ರಾನ್ಸಿಸ್ಟರುಗಳ ಕೈಕೆಲಸ. ಅವನ್ನು ಚಿಪ್ಪಿನಿಂದ ಓದಿಕೊಳ್ಳುವುದು ಹೇಗೆ? ತಂತಿಯಲ್ಲಿದ್ದ ಸದ್ದನ್ನು ಕಾಪಿ ಮಾಡಲು ಅಲ್ಲಿ ಫೈಲೇ ಇಲ್ಲ.

1997ರಲ್ಲಿ ನಿಕೋಲಾ ಸಾಲ್ಮೋರಿಯಾ ಮೇಮ್ ಶುರು ಮಾಡಿದ ಕಾಲದಲ್ಲಿ ಆ ಸರ್ಕ್ಯೂಟನ್ನು ಲೆಕ್ಕ ಹಾಕಿ ಸದ್ದು ಹುಟ್ಟಿಸುವಷ್ಟು ಶಕ್ತಿ ಮನೆ ಕಂಪ್ಯೂಟರಿಗೆ ಇರಲಿಲ್ಲ. ಅದಕ್ಕೆ ಸುಲಭದ ದಾರಿ ಹಿಡಿದರು. ನಿಜವಾದ ಮಶೀನಿನ ಸದ್ದನ್ನು ರೆಕಾರ್ಡ್ ಮಾಡಿ, ಪುಟ್ಟ ಪುಟ್ಟ ವೇವ್ ಫೈಲ್ ಮಾಡಿ, ಬಿಟ್ ಏರಿದಾಗ ಆ ಫೈಲ್ ನುಡಿಸುವುದು. ಇವೇ ಸ್ಯಾಂಪಲ್‌ಗಳು. ಇವು ರಾಮ್ ಜೊತೆ ಬರುವುದಿಲ್ಲ, ಬೇರೆಯಾಗಿ ತಂದಿಟ್ಟುಕೊಳ್ಳಬೇಕು. ನಿಮ್ಮ ಗೇಮಿನಲ್ಲಿ ಸಂಗೀತ ಇದೆ ಆದರೆ ಸ್ಫೋಟ ಇಲ್ಲ, ಅಥವಾ ಹಿನ್ನೆಲೆ ಇದೆ ಆದರೆ ನೆಗೆದಾಗಿನ ಸದ್ದಿಲ್ಲ ಅಂದರೆ ನೂರಕ್ಕೆ ತೊಂಬತ್ತು ಪಾಲು ಕಾರಣ ಇದೇ.

ಈಗಿನ ಮೇಮ್‌ನಲ್ಲಿ ಸ್ಪೇಸ್ ಇನ್ವೇಡರ್ಸಿಗೆ ಸ್ಯಾಂಪಲ್ ಬೇಡ, ಸರ್ಕ್ಯೂಟನ್ನೇ ಲೆಕ್ಕ ಹಾಕುತ್ತದೆ. ಆದರೆ ಪೈ ಮೇಲೆ, ಹಳೇ ಫೋನಿನ ಮೇಲೆ ಬಹಳ ಜನ ಬಳಸುವುದು ಮೇಮ್ 2003 ಅನ್ನೋ ಕೋರ್, ಅಂದರೆ ರೆಟ್ರೋಆರ್ಚ್ ಒಳಗೆ ಓಡುವ ಎಮ್ಯುಲೇಟರ್. ಅದು 0.78ನೇ ಆವೃತ್ತಿ, ಹಗುರ, ವೇಗ ಚೆನ್ನಾಗಿದೆ, ಆದರೆ ಕಾಲ 2003ರಲ್ಲೇ ನಿಂತಿದೆ. ಅದಕ್ಕೆ ಇನ್ವೇಡರ್ಸಿನ ಸ್ಯಾಂಪಲ್ ಬೇಕು, ಡಾಂಕಿ ಕಾಂಗ್‌ನ ನಡಿಗೆ ಮತ್ತು ನೆಗೆತಕ್ಕೂ ಬೇಕು, ಗ್ಯಾಲಗಾದ ಸ್ಫೋಟಕ್ಕೂ ಬೇಕು. ಸೆಗಾದ 1982ರ ಜಾಕ್ಸನ್ ಥರದವಂತೂ ಸ್ಯಾಂಪಲ್ ಇಲ್ಲದೆ ಬಾಯಿಯನ್ನೇ ಬಿಡುವುದಿಲ್ಲ.

ಸ್ಯಾಂಪಲ್ ಇಡುವ ಜಾಗ ನೋಡಿ. ಕಂಪ್ಯೂಟರಿನ ಮೇಮ್‌ಗೆ ಅದರದ್ದೇ ಫೋಲ್ಡರಿನೊಳಗೆ 'ಸ್ಯಾಂಪಲ್ಸ್' ಅನ್ನೋ ಫೋಲ್ಡರ್. ರೆಟ್ರೋಆರ್ಚ್‌ನಲ್ಲಿ 'ಸಿಸ್ಟಮ್' ಒಳಗೆ 'ಮೇಮ್2003', ಅದರೊಳಗೆ 'ಸ್ಯಾಂಪಲ್ಸ್'. ಅದರ ಪ್ಲಸ್ ಆವೃತ್ತಿಯ ಕೋರ್ ಆದರೆ 'ಮೇಮ್2003-ಪ್ಲಸ್', ಎಫ್‌ಬಿನಿಯೋ ಅನ್ನೋ ಇನ್ನೊಂದು ಕೋರ್ ಆದರೆ 'ಎಫ್‌ಬಿನಿಯೋ', ಕ್ರಮ ಅದೇ. ಪೈಯಲ್ಲಿ ಹಳೇ ಗೇಮ್ ಆಡಲು ಹಾಕಿಕೊಳ್ಳುವ ರೆಟ್ರೋಪೈಯಲ್ಲಿ ಸಿಸ್ಟಮ್ ಬದಲು 'ಬಯೋಸ್' ಫೋಲ್ಡರ್, ಈ ಹೆಸರು ಮಾತ್ರ ದೊಡ್ಡಕ್ಷರದಲ್ಲಿರುತ್ತದೆ.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ, ನಾನೂ ಬಿದ್ದಿದ್ದೇನೆ. ಗೇಮಿನ ಹೆಸರೂ 'ಇನ್ವೇಡರ್ಸ್ ಡಾಟ್ ಜಿಪ್', ಸ್ಯಾಂಪಲಿನ ಹೆಸರೂ 'ಇನ್ವೇಡರ್ಸ್ ಡಾಟ್ ಜಿಪ್'. ಸ್ಯಾಂಪಲ್ ತಂದು ಅಭ್ಯಾಸಬಲದಿಂದ ರಾಮ್ಸ್ ಫೋಲ್ಡರಿಗೆ ಎಳೆದೆ, 'ಈ ಹೆಸರಿನ ಫೈಲ್ ಇದೆ, ಬದಲಿಸಲಾ?' ಅಂತ ಕೇಳಿತು, ಹೂಂ ಅಂದೆ. ಅಲ್ಲಿಗೆ ಸದ್ದಿಲ್ಲದ ಗೇಮ್ ಹೋಗಿ ಗೇಮೇ ಇಲ್ಲದ ಹಾಗಾಯಿತು. ಆ ಪ್ರಶ್ನೆ ಬಂದರೆ ಜಾಗ ತಪ್ಪಾಗಿದೆ ಅಂತಲೇ ಅರ್ಥ.

ಎರಡನೆಯದು, ಜಿಪ್ ಒಳಗೆ ಒಮ್ಮೆ ಇಣುಕಿ ನೋಡಿ. ತೆರೆದ ತಕ್ಷಣ ನೇರವಾಗಿ ಫೈಲ್‌ಗಳು ಕಾಣಬೇಕು. ಇನ್ವೇಡರ್ಸ್ ಆದರೆ 1 ಡಾಟ್ ವೇವ್ ಗುಂಡಿನದ್ದು, 4ರಿಂದ 7ರವರೆಗಿನ ನಾಲ್ಕು ಶತ್ರು ಸಾಲಿನ ಹೆಜ್ಜೆ ಸದ್ದು. ಆ ನಾಲ್ಕನ್ನು ಒಂದೊಂದಾಗಿ ಕಂಪ್ಯೂಟರಿನಲ್ಲೇ ನುಡಿಸಿ ಕೇಳಿ, ಒಂದಕ್ಕಿಂತ ಒಂದು ಸ್ವಲ್ಪ ಬೇರೆ ಶ್ರುತಿ. ಗೇಮಿನಲ್ಲಿ ಎದೆ ಬಡಿತದ ಹಾಗೆ ಕೇಳುವುದು ಈ ನಾಲ್ಕೇ, ಶತ್ರುಗಳು ಕಡಿಮೆಯಾದಷ್ಟೂ ಬೇಗ ಬೇಗ ಸುತ್ತುತ್ತವೆ. ಜಿಪ್ ತೆರೆದಾಗ ಫೈಲ್ ಬದಲು ಮತ್ತೊಂದು ಫೋಲ್ಡರ್ ಕಂಡರೆ ಎಮ್ಯುಲೇಟರಿಗೆ ಏನೂ ಸಿಗುವುದಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಿದರೆ ಹೀಗಾಗುತ್ತದೆ. ಒಳಗೆ ಹೋಗಿ, ಫೈಲ್‌ಗಳನ್ನೇ ಆರಿಸಿ ಜಿಪ್ ಮಾಡಿ.

ಮೂರನೆಯದು, ಹೆಸರು. ಪೈಯಲ್ಲಿ ಓಡುವುದು ಲಿನಕ್ಸ್, ಅದಕ್ಕೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಎಲ್ಲ ಚಿಕ್ಕಕ್ಷರ ಇರಲಿ. ಎಂಪಿ3ಗೆ ವೇವ್ ಅಂತ ಹೆಸರು ಬದಲಿಸಿದರೆ ಆಗುವುದಿಲ್ಲ, ನಿಜವಾದ ವೇವ್ ಬೇಕು, ಅದೂ ಮೋನೋ. ಒಂದೇ ಗೇಮಿನ ಬೇರೆ ಬೇರೆ ಆವೃತ್ತಿಗಳಿಗೆ ಸಾಮಾನ್ಯವಾಗಿ ಮೂಲ ಗೇಮಿನ ಹೆಸರಿನ ಒಂದೇ ಸ್ಯಾಂಪಲ್ ಜಿಪ್ ಸಾಕು.

ಕೊನೆಗೆ ಕೋರ್ ಆಪ್ಷನ್ಸ್‌ನಲ್ಲಿ 'ಯೂಸ್ ಸ್ಯಾಂಪಲ್ಸ್' ಆನ್ ಇದೆಯಾ ನೋಡಿ, ಮೇಮ್ ಆದರೆ ಐಎನ್‌ಐ ಫೈಲಿನಲ್ಲಿ 'ಸ್ಯಾಂಪಲ್ಸ್ 1'. ಗೇಮ್ ಪೂರ್ತಿ ಮುಚ್ಚಿ ಹೊಸದಾಗಿ ತೆರೆಯಿರಿ, ಸೇವ್ ಸ್ಟೇಟ್‌ನಿಂದ (ಆಟದ ನಡುವೆ ಉಳಿಸಿಟ್ಟ ಜಾಗದಿಂದ) ಬೇಡ. ಮೇಮ್ ಇರುವವರಿಗೆ 'ಮೇಮ್ -ಲಿಸ್ಟ್‌ಸ್ಯಾಂಪಲ್ಸ್ ಜಾಕ್ಸನ್' ಅಂದರೆ ಯಾವ ಯಾವ ಫೈಲ್ ಬೇಕು ಅಂತ ಪಟ್ಟಿ ಕೊಡುತ್ತದೆ, '-ವೆರಿಫೈಸ್ಯಾಂಪಲ್ಸ್' ಅಂದರೆ ಯಾವುದು ಇಲ್ಲ ಅಂತ ಹೇಳುತ್ತದೆ.

ಪರೀಕ್ಷೆಗೆ ಗ್ರಿಡ್ಲೀ ಅನ್ನೋ ಗೇಮ್ ಒಳ್ಳೆಯದು. ವಿಡಿಯಾ ಕಂಪನಿ ಎಂಬತ್ತರ ದಶಕದ ಶುರುವಿನಲ್ಲಿ ಮಾಡಿ, ಮಾರುಕಟ್ಟೆಗೆ ಬರದೇ ಹೋದದ್ದು. ಮಾಡಿದವರೇ ಒಪ್ಪಿಗೆ ಕೊಟ್ಟಿರುವುದರಿಂದ ಮೇಮ್‌ನವರ ತಾಣದಲ್ಲೇ ಕಾನೂನುಬದ್ಧವಾಗಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಪುಟಿಯುವ ಸದ್ದಿಗೆ ಮಾತ್ರ ಸ್ಯಾಂಪಲ್ ಬೇಕು, ಉಳಿದ ಸದ್ದು ತಾನೇ ಬರುತ್ತದೆ. ಸ್ಯಾಂಪಲ್ ಇಡುವ ಮೊದಲು ಒಮ್ಮೆ, ಇಟ್ಟ ಮೇಲೆ ಒಮ್ಮೆ ಆಡಿದರೆ ನಿಮ್ಮ ಫೋಲ್ಡರ್ ಸರಿಯಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಸ್ಯಾಂಪಲ್‌ನಿಂದ ಪೂರ್ತಿ ಸಿಗದ ಸದ್ದೂ ಇದೆ. ಗಾಟ್ಲೀಬ್ ಅವರ 1982ರ ಕ್ಯೂಬರ್ಟ್ ನೋಡಿ. ಆ ಮೂತಿಯುದ್ದದ ಪ್ರಾಣಿ ಅರ್ಥವಾಗದ ಭಾಷೆಯಲ್ಲಿ ಬೈಯುತ್ತದಲ್ಲ, ಅದು ವೋಟ್ರಾಕ್ಸ್ ಅನ್ನೋ ಮಾತಾಡುವ ಚಿಪ್. ಸೌಂಡ್ ಮಾಡಿದ ಡೇವಿಡ್ ಥೀಲ್ ಆ ಚಿಪ್ಪಿನಿಂದ ನೆಟ್ಟಗೆ ಮಾತಾಡಿಸಲು ಹೋಗಿ ಸಾಕಾಗಿ, ಸಿಕ್ಕಸಿಕ್ಕ ಸ್ವರಗಳನ್ನೇ ಅದಕ್ಕೆ ತುರುಕಿಬಿಟ್ಟರು. ಪಿರಮಿಡ್ಡಿನಿಂದ ಬಿದ್ದಾಗ ಬರುವ 'ಟಕ್' ಮಾತ್ರ ಸ್ಪೀಕರಿನದ್ದಲ್ಲ. ಗಾಟ್ಲೀಬ್ ಮೂಲತಃ ಪಿನ್‌ಬಾಲ್ ಕಂಪನಿ, ಪಿನ್‌ಬಾಲ್‌ನ ನಾಕರ್ ಕಾಯಿಲ್ ಒಂದನ್ನು ಪೆಟ್ಟಿಗೆಯೊಳಗೆ ಜೋಡಿಸಿ, ಗೇಮ್ ಹೇಳಿದಾಗ ನಿಜವಾಗಿ ಬಡಿಯುವ ಹಾಗೆ ಮಾಡಿದ್ದರು. 'ಕ್ಯೂಬರ್ಟ್' ಸ್ಯಾಂಪಲ್ ಜಿಪ್‌ನಲ್ಲಿರುವ 'ನಾಕರ್' ಫೈಲ್ ಆ ಬಡಿತದ್ದೇ. ನನ್ನ ಟಿವಿ ಸ್ಪೀಕರಿನಲ್ಲಿ ಅದು ಯಾರೋ ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ.

ಸದ್ದು ಬಂದು, ಆದರೆ ಒಡೆದು ಒಡೆದು ಬರುತ್ತಿದ್ದರೆ ಸ್ಯಾಂಪಲ್ ಹುಡುಕಬೇಡಿ. ಎಮ್ಯುಲೇಟರ್ ಪೂರ್ತಿ ವೇಗದಲ್ಲಿ ಓಡದೇ ಇರಬಹುದು. ಮೇಮ್‌ನಲ್ಲಿ ಎಫ್11 ಒತ್ತಿ ಶೇಕಡಾ ಎಷ್ಟು ಅಂತ ನೋಡಿ. ನೂರಕ್ಕಿಂತ ಕೆಳಗಿದ್ದರೆ ಹಗುರವಾದ ಕೋರ್‌ಗೆ ಹೋಗಿ, ನೂರೇ ಇದ್ದರೆ ಆಡಿಯೋ ಲೇಟೆನ್ಸಿ (ಸದ್ದು ಎಷ್ಟು ತಡವಾಗಿ ಬರಬೇಕು ಅನ್ನೋ ಸೆಟ್ಟಿಂಗ್) ಒಂದೊಂದು ಮೆಟ್ಟಿಲು ಏರಿಸಿ ನೋಡಿ. ಮತ್ತೆ, ಟಿವಿ ವಾಲ್ಯೂಮ್ ಮೊದಲು ಹತ್ತಕ್ಕೆ ಇಳಿಸಿಕೊಂಡು ಶುರು ಮಾಡಿ.